ಒಂದೇ ಕಡತದಾಗ ಸಾವಿರಾರು ಪತ್ರ: ಪರಿವಿಡಿ ಮಾಡೋದು ಹ್ಯಾಂಗ?

ಪಠ್ಯಪುಸ್ತಕದಲ್ಲಿ ಪಾಠ ಹುಡುಕಲು ನಾವು ಪರಿವಿಡಿ ನೋಡಿ ನೇರ ಆ ಪುಟಕ್ಕೆ ಹೋಗುತ್ತೇವೆ. ಇ-ಮೇಲ್ ಪತ್ರಗಳಿಗೂ ಹಾಂಗೇ ಪರಿವಿಡಿ ಮಾಡಬಹುದು.

ಕಮಲಾಪುರದಲ್ಲಿ ನಮ್ಮ ಕಾಕಾ ಕೆಂಪು ಬಾಳೆ ಬೆಳೆಯುತ್ತಾರೆ. ಈ ಸಲ ಗೊಬ್ಬರ ಹಾಕುವ ಮೊದಲು ಅವರಿಗೆ 2013ರ ಮಣ್ಣು ಪರೀಕ್ಷೆಯ ವರದಿ ಬೇಕಾಗಿತ್ತು. ಕಾಗದ ಕಳೆದಿತ್ತು, ಇ-ಮೇಲ್‌ನಲ್ಲಿ ಬಂದದ್ದಷ್ಟೇ ಉಳಿದಿತ್ತು. ಕಲಬುರಗಿಯಲ್ಲಿ ಓದುವ ಅಣ್ಣ ಕಾಕಾನ ಎಲ್ಲ ಪತ್ರಗಳನ್ನು ಒಂದೇ ಕಡತವಾಗಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದ. ಇಂಥ ಕಡತಕ್ಕೆ ‘ಎಂಬಾಕ್ಸ್’ ಅಂತಾರೆ. ಮನೆಯ ಹಳೇ ಕಂಪ್ಯೂಟರಿಗೆ ಅದನ್ನು ಪೂರ್ತಿ ತೆರೆಯುವ ಶಕ್ತಿ ಇರಲಿಲ್ಲ. ಅದಕ್ಕೇ ಪೈಥಾನ್ ಭಾಷೆಯಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದೆ.

ಎಂಬಾಕ್ಸ್ ಯುನಿಕ್ಸ್ ಕಾಲದಿಂದ ಬಂದ ಸರಳ ಏರ್ಪಾಡು. ಪತ್ರಗಳು ಒಂದರ ಕೆಳಗೊಂದು ಇರುತ್ತವೆ. ಪ್ರತಿ ಪತ್ರದ ಮೊದಲ ಸಾಲು ಇಂಗ್ಲಿಷಿನ ‘ಫ್ರಮ್’ ಪದದಿಂದ ಶುರು, ಅದರ ಮುಂದೆ ಒಂದು ಖಾಲಿ ಜಾಗ. ಕೆಳಗೆ ಇನ್ನೊಂದು ‘ಫ್ರಮ್’ ಇರ್ತದ, ಅದರ ಮುಂದೆ ಎರಡು ಚುಕ್ಕೆ. ಅದು ಕಳಿಸಿದವರ ಹೆಸರು. ಎರಡನ್ನೂ ಕಲಸಬ್ಯಾಡ್ರಿ. ಪತ್ರದ ಒಳಗೇ ಯಾರಾದರೂ ಸಾಲಿನ ಮೊದಲಿಗೆ ‘ಫ್ರಮ್’ ಬರೆದರೆ? ಅದರ ಹಿಂದೆ ‘>’ ಗುರುತು ಹಾಕುವುದು ರೂಢಿ. ಎಲ್ಲ ತಂತ್ರಾಂಶಗಳೂ ಹಾಕುವುದಿಲ್ಲ, ಆದ್ದರಿಂದ ಹಿಂದಿನ ಸಾಲು ಖಾಲಿ ಇದೆಯೇ, ಸಾಲಿನ ಕೊನೆಗೆ ದಿನಾಂಕ ಇದೆಯೇ ಎಂದೂ ನೋಡಬೇಕು.

ಸ್ಕ್ರಿಪ್ಟ್ ಪ್ರತಿ ಸಾಲು ಓದುವ ಮೊದಲು ‘ಟೆಲ್’ ಆಜ್ಞೆಯಿಂದ ತಾನು ನಿಂತ ಜಾಗದ ಸಂಖ್ಯೆ ಕೇಳಿಕೊಳ್ಳುತ್ತದೆ. ಕಲಬುರಗಿಯಿಂದ ನಮ್ಮೂರಿಗೆ ಬರುವಾಗ ಕಿಲೋಮೀಟರ್ ಕಲ್ಲು ನೋಡ್ತೀವಲ್ಲ, ಹಾಂಗ. ಪತ್ರ ಶುರುವಾದರೆ ಆ ಸಂಖ್ಯೆ, ದಿನಾಂಕ, ಕಳಿಸಿದವರು, ವಿಷಯ ಇಷ್ಟನ್ನು ಬೇರೆ ಕಡತದಲ್ಲಿ ಒಂದು ಸಾಲಾಗಿ ಬರೆಯುತ್ತದೆ. ಆಮೇಲೆ ‘ಸೀಕ್’ ಎಂದು ಸಂಖ್ಯೆ ಕೊಟ್ಟರೆ ಸಾಕು, ನಡುವಿನದ್ದು ಓದದೆ ಆ ಪತ್ರಕ್ಕೇ ಹಾರುತ್ತದೆ.

ಇಲ್ಲಿ ಅಕ್ಷರ ಎಣಿಸಬಾರದು, ಬೈಟ್ ಎಣಿಸಬೇಕು. ‘ಕಮಲಾಪುರ’ ನಮ್ಮ ಕಣ್ಣಿಗೆ 5 ಅಕ್ಷರ. ಯುನಿಕೋಡ್‌ನಲ್ಲಿ ದೀರ್ಘ, ಕೊಂಬು ಬೇರೆಯಾಗಿ ಸೇರಿ 7 ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಒಟ್ಟು 21. ಆದ್ದರಿಂದ ಕಡತವನ್ನು ಬೈನರಿ ರೀತಿಯಲ್ಲೇ ತೆರೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪಿ ಪತ್ರದ ನಟ್ಟನಡುವೆ ಇಳಿಯುತ್ತೇವೆ.

ಕನ್ನಡದ ವಿಷಯ-ಸಾಲು ಕಡತದೊಳಗೆ ಕನ್ನಡದಲ್ಲಿ ಕಾಣುವುದಿಲ್ಲ. ಸಾಮಾನ್ಯವಾಗಿ ‘ಬೇಸ್-64’ ಎಂಬ ವೇಷ ಹಾಕಿರುತ್ತದೆ. ಅದರಲ್ಲಿ 3 ಬೈಟ್ ಸೇರಿ 4 ಗುರುತು ಆಗುತ್ತವೆ. ನಮ್ಮ ಸಂಕೇತವೂ ಸರಿಯಾಗಿ 3 ಬೈಟ್! ಹಿಂಗಾಗಿ ಕನ್ನಡ ಅಕ್ಷರದಿಂದ ಶುರುವಾಗುವ ವಿಷಯದ ಮೊದಲ ಎರಡು ಗುರುತು ಯಾವಾಗಲೂ ‘4’ ಮತ್ತು ‘ಎಲ್’. ನನಗಂತೂ ಇದು ಭಾಳ ಮಜಾ ಅನ್ನಿಸಿತು. ಈ ವೇಷ ಬಿಚ್ಚಿದ ಮೇಲೆಯೇ ಪರಿವಿಡಿಗೆ ಬರೆಯಬೇಕು.

ಇನ್ನೊಂದು ತೊಡಕು ನಮ್ಮ ಕಡೆಯದ್ದೇ. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಅದಕ್ಕೂ ಮೊದಲಿನ ಪತ್ರಗಳಲ್ಲಿ ಹೆಚ್ಚಾಗಿ ಹಳೇ ಹೆಸರೇ ಇರ್ತದ. ಹುಡುಕುವಾಗ ಎರಡನ್ನೂ ಒಂದೇ ಊರೆಂದು ತಿಳಿಯುವಂತೆ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿದೆ. ಕಾಕಾನ ವರದಿ ಸಿಕ್ಕದ್ದು ಹಳೇ ಹೆಸರಿನ ಕೆಳಗೇ.

ಕಡತಕ್ಕೆ ಹೊಸ ಪತ್ರ ಸೇರಿದರೆ ಪರಿವಿಡಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಪರಿವಿಡಿಯ ಮೊದಲ ಸಾಲಿನಲ್ಲಿ ಕಡತ ಎಷ್ಟು ಬೈಟ್ ಇತ್ತೆಂದು ಬರೆದಿಡಿ. ಗಾತ್ರ ಬೇರೆ ಕಂಡರೆ ಸ್ಕ್ರಿಪ್ಟನ್ನು ಮತ್ತೊಮ್ಮೆ ನಡೆಸಿದರಾಯಿತು.