ಉಬ್ಬರವಿಳಿತದ ಪಟ್ಟಿ ಕೈಯಲ್ಲಿರಲಿ

ಥಾಯ್ಲೆಂಡಿನ ಫಾಂಗ್ ಙಾ ಕೊಲ್ಲಿಯ ಸುಣ್ಣಕಲ್ಲಿನ ದ್ವೀಪಗಳ ನಡುವೆ ಒಂದು ದಿನ ಕಯಾಕ್ ನಡೆಸಹೊರಡುವ ಮಿತ್ರರು, ಸಾಮಾನ್ಯವಾಗಿ ನಕ್ಷೆಯ ಮೇಲಿನ ದೂರವನ್ನಷ್ಟೇ ಅಳೆದು, ಆ ಕಡಲು ದಿನಕ್ಕೆ ಎರಡಾವರ್ತಿ ಉಬ್ಬಿ ಇಳಿಯುವುದೆಂಬುದನ್ನು ಮರೆತುಬಿಡುತ್ತಾರೆ. ಪನಕ್ ದ್ವೀಪದ ಗುಹೆಗಳಲ್ಲಿ ನುಸುಳಿ, ಬಾನಿಗೆ ತೆರೆದ ಒಳಗೊಳವನ್ನು ಸೇರಬೇಕಾದರೆ ನೀರಿನ ಮಟ್ಟ ಅನುಕೂಲವಾಗಿರತಕ್ಕದ್ದು. ಅಲ್ಲಿಯ ಸೌಂದರ್ಯಕ್ಕೆ ಮೈಮರೆತು ಹೊತ್ತು ಮೀರಿದಿರೋ, ಹೋಗುವಾಗ ನೆಟ್ಟಗೆ ಕುಳಿತು ದಾಟಿದ ಕಮಾನಿನಡಿ, ಮರಳುವಾಗ ಅಂಗಾತ ಮಲಗಿದರೂ, ಕತ್ತಿಯಂಚಿನಂತಹ ಚಿಪ್ಪುಗಳಂಟಿದ ಬಂಡೆ ಮೂಗನ್ನು ಸವರೀತು. ಆದುದರಿಂದ ಆ ದಿನದ ಉಬ್ಬರವಿಳಿತದ ಪಟ್ಟಿಯನ್ನು ಮುಂದಿಟ್ಟುಕೊಂಡೇ ವೇಳೆಯನ್ನು ಗೊತ್ತುಮಾಡಿರಿ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೆಳೆತ ಅಧಿಕ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಅಲ್ಲಿಯೂ ನೈರುತ್ಯ ಮಾರುತದ ಕಾಲ; ನಮ್ಮ ಕರಾವಳಿಯವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಂಬವಾಗಿ ನೀರಿಗಿಳಿದ ಶಿಲೆಗಳ ಬುಡದಲ್ಲಿ ದೋಣಿ ತಂಗಲು ಮರಳು ದೊರೆಯುವುದು ವಿರಳವಾದ್ದರಿಂದ, ವಿಶ್ರಾಂತಿಯ ದಂಡೆಯನ್ನು ಹೊರಡುವ ಮುನ್ನವೇ ಸ್ಥಳೀಯರಲ್ಲಿ ಕೇಳಿ ತಿಳಿಯಿರಿ.