ಅಂತ್ಯಕಾಲದಲ್ಲಿ ಚಿಕಿತ್ಸೆಯ ಮೇರೆ

ಮಾಘ ಶುದ್ಧ ಅಷ್ಟಮಿಯಂದು ಭೀಷ್ಮಾಚಾರ್ಯರಿಗೆ ತರ್ಪಣವನ್ನೀಯುವ ಸಂಪ್ರದಾಯವು ನಮ್ಮಲ್ಲಿ ಇಂದಿಗೂ ನಡೆದು ಬಂದಿದೆ. ಅವರು ಇಚ್ಛಾಮರಣದ ವರವನ್ನು ಪಡೆದವರು, ಶರಶಯ್ಯೆಯಲ್ಲಿ 58 ರಾತ್ರಿಗಳನ್ನು ಕಳೆದು ಉತ್ತರಾಯಣವನ್ನು ಕಾದವರು ಎಂಬುದು ಬಾಲಕರಿಗೂ ವಿದಿತವಾದ ಸಂಗತಿ. ಆದರೆ ಭೀಷ್ಮಪರ್ವದ ಕೊನೆಯ ಭಾಗದಲ್ಲಿ ಬರುವ ಒಂದು ಪ್ರಸಂಗದ ಕಡೆಗೆ ಪ್ರವಚನಗಳಲ್ಲಿಯೂ ಗಮನ ಹರಿಯುವುದು ವಿರಳ. ದುರ್ಯೋಧನನು ಬಾಣಗಳನ್ನು ಕೀಳುವುದರಲ್ಲಿ ನಿಪುಣರಾದ ವೈದ್ಯರನ್ನು ಸಕಲ ಉಪಕರಣಗಳೊಡನೆ ಕರೆತರುತ್ತಾನೆ. ಪಿತಾಮಹರು ಅವರಿಗೆ ಧನವನ್ನಿತ್ತು, ಸತ್ಕರಿಸಿ, ಹಿಂದಕ್ಕೆ ಕಳುಹಿಸುವಂತೆ ಹೇಳುತ್ತಾರೆ. ಆದರೆ ಅದೇ ಪಿತಾಮಹರು ಜೋಲುತ್ತಿದ್ದ ತಲೆಗೆ ಆಸರೆಯನ್ನು ಕೇಳಿದರು. ಅರ್ಜುನನು ಮೂರು ಬಾಣಗಳಿಂದ ಅದನ್ನು ಒದಗಿಸಿದನು. ಮರುದಿನ ಬಾಯಾರಿದಾಗ ನೀರನ್ನು ಕೇಳಿದರು. ಅದನ್ನೂ ಅರ್ಜುನನೇ ನೆಲವನ್ನು ಭೇದಿಸಿ ತಂದುಕೊಟ್ಟನು. ವೈದ್ಯರು ಬೇಡವಾದರು, ತಲೆದಿಂಬು ಬೇಡವಾಗಲಿಲ್ಲ.

ಈ ಭೇದವನ್ನು ಪ್ರಕೃತ ಜಿಜ್ಞಾಸೆಗೆ ತೆಗೆದುಕೊಳ್ಳಲು ಕಾರಣವಿದೆ. ನಮಗೆ ಸಮೀಪದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಎರಡು ದಶಕಗಳಿಗೂ ಮಿಕ್ಕಿ ಘನತೆಯಿಂದ ಮರಣ ಹೊಂದುವ ಹಕ್ಕಿಗಾಗಿ ಸರ್ಕಾರಗಳಿಗೆ ಪತ್ರಗಳನ್ನು ಬರೆದು, ನ್ಯಾಯಾಲಯದ ಮೆಟ್ಟಿಲನ್ನೂ ಏರಿದವರು. ಬೆನ್ನುಮೂಳೆಯ ಬೇನೆಯಿಂದ ದೀರ್ಘಕಾಲ ನರಳಿದ ಆ ತಾಯಿಯ ಹೆಸರು, ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಈ ವಿಷಯದಲ್ಲಿ ಸುತ್ತೋಲೆಯನ್ನು ಹೊರಡಿಸಿದಾಗ ಪತ್ರಿಕೆಗಳಲ್ಲೆಲ್ಲ ಬಂದಿತು. ಇನ್ನು ಮುಂದೆ ಬೇಕಾದವರಿಗೆ ಸೂಜಿಮದ್ದಿನಿಂದ ಮರಣವನ್ನು ಕೊಡುತ್ತಾರೆಂದು ಅನೇಕರು ಭಾವಿಸಿದರು. ಅದು ಸರಿಯಲ್ಲ. ಮದ್ದು ಕೊಟ್ಟು ಪ್ರಾಣವನ್ನು ತೆಗೆಯುವುದು ಈ ದೇಶದಲ್ಲಿ ಅಂದೂ ಅಪರಾಧ, ಇಂದೂ ಅಪರಾಧ. ಗುಣವಾಗುವ ಆಶೆಯಿಲ್ಲದ ರೋಗಿಯಲ್ಲಿ ಸಾವನ್ನು ಮುಂದೂಡುವುದಕ್ಕಷ್ಟೇ ನಡೆದಿರುವ ಯಂತ್ರೋಪಚಾರವನ್ನು ತೊಡಗದಿರುವುದು ಅಥವಾ ಹಿಂತೆಗೆಯುವುದು, ಇಷ್ಟಕ್ಕೆ ಮಾತ್ರ ಅನುಮತಿಯುಂಟು.

ಶಾಸ್ತ್ರದ ಮಾತೇನು? ಆತ್ಮಹತ್ಯೆಯು ಮಹಾಪಾತಕವೆಂಬುದರಲ್ಲಿ ವಿವಾದವಿಲ್ಲ. ಆದರೂ ಅತ್ರಿಸ್ಮೃತಿಯು ಅತಿವೃದ್ಧನಾಗಿ ಶೌಚಾಚಾರದ ಸ್ಮರಣೆಯೂ ತಪ್ಪಿದವನನ್ನು, ವೈದ್ಯರ ಚಿಕಿತ್ಸೆಯನ್ನು ಮೀರಿದವನನ್ನು ಪ್ರತ್ಯೇಕವಾಗಿಯೇ ಹೇಳುತ್ತದೆ. ಅಂಥವನು ಭೃಗುಪತನ, ಅಗ್ನಿಪ್ರವೇಶ, ಅನಶನಗಳಿಂದ ದೇಹವನ್ನು ತ್ಯಜಿಸಿದರೂ ಅವನಿಗೆ ಉತ್ತರಕ್ರಿಯೆಗಳುಂಟೆಂದು ವಿಧಿಸುತ್ತದೆ. ಮುಂದೆ ನಿಬಂಧಕಾರರು ವೃದ್ಧರ ಭೃಗ್ವಗ್ನಿಪತನವನ್ನು ಕಲಿವರ್ಜ್ಯಗಳಲ್ಲಿ ಸೇರಿಸಿ ಆ ಬಾಗಿಲನ್ನು ಮುಚ್ಚಿದರು. ಮುಚ್ಚಿದ್ದು ಯುಕ್ತವೇ ಎಂದು ನನ್ನ ಅಭಿಪ್ರಾಯ. ಅಶಕ್ತರನ್ನು ಭಾರವೆಂದು ಎಣಿಸುವ ಮನೆಗಳು ಕಲಿಯುಗದಲ್ಲಿ ಕಡಿಮೆಯಿಲ್ಲ. ಆದರೆ ಕಲಿವರ್ಜ್ಯವಾದದ್ದು ದೇಹವನ್ನು ತಾನೇ ಕೆಡವುವ ಕ್ರಿಯೆ. ಚಿಕಿತ್ಸೆಗೆ ಮೀರಿದವನು ಚಿಕಿತ್ಸೆಯನ್ನು ಮುಂದುವರಿಸಲೇಬೇಕೆಂಬ ವಿಧಿಯು ಎಲ್ಲಿಯೂ ನನಗೆ ಕಂಡುಬಂದಿಲ್ಲ.

ನಮ್ಮ ನಾಡಿನವರೇ ಆದ ಅರುಣಾ ಶಾನಭಾಗರ ಕಥೆಯನ್ನು ಇಲ್ಲಿ ನೆನೆಯಬೇಕು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಗೆ ದಾದಿಯಾಗಿ ಹೋದ ಆಕೆಯು 1973ರ ನವೆಂಬರ್ 27ರ ರಾತ್ರಿ ಅಲ್ಲಿಯ ನೌಕರನೊಬ್ಬನ ಅಮಾನುಷ ಆಕ್ರಮಣಕ್ಕೆ ತುತ್ತಾಗಿ ಮಿದುಳಿನ ಚೈತನ್ಯವನ್ನು ಕಳೆದುಕೊಂಡಳು. ಲೇಖಕಿ ಪಿಂಕಿ ವಿರಾನಿಯವರು ಆಕೆಯ ಪರವಾಗಿ ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮಾರ್ಚ್ 7ರಂದು ತಿರಸ್ಕರಿಸಿತು. ಆದರೆ ಅದೇ ತೀರ್ಪಿನಲ್ಲಿ, ಉಚ್ಚ ನ್ಯಾಯಾಲಯದ ಅನುಮತಿಯನ್ನು ಪಡೆದು ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸಬಹುದೆಂಬ ಮಾರ್ಗವನ್ನು ಮೊದಲಬಾರಿಗೆ ತೆರೆಯಿತು. ಅರ್ಜಿಯನ್ನು ವಿರೋಧಿಸಿದವರು ಆಸ್ಪತ್ರೆಯ ದಾದಿಯರೇ. ರಕ್ತಸಂಬಂಧವಿಲ್ಲದ ಆ ಹೆಣ್ಣುಮಕ್ಕಳು ತಲೆಮಾರಿನಿಂದ ತಲೆಮಾರಿಗೆ ಆಕೆಗೆ ಉಣಿಸಿ, ಮೈ ತೊಳೆದು, ಮಗ್ಗುಲು ಬದಲಿಸಿ, ಒಂದು ಹಾಸಿಗೆಹುಣ್ಣೂ ಆಗದಂತೆ ಕಾಪಾಡಿದರು. 2015ರ ಮೇ 18ರಂದು ಆಕೆ ನ್ಯುಮೋನಿಯಾದಿಂದ ತೀರಿಕೊಂಡಳು. ಬಾಯಿಗೆ ಅನ್ನವಿಡುವುದನ್ನು ನಿಲ್ಲಿಸಲಾರೆವೆಂದ ಆ ದಾದಿಯರ ನಿಲುವನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಘನತೆಯ ಮರಣವು ಜೀವಿಸುವ ಹಕ್ಕಿನಲ್ಲಿಯೇ ಅಂತರ್ಗತವೆಂದು ಸಾರಿ, ಪ್ರಜ್ಞೆಯಿರುವಾಗಲೇ ಬರೆದಿಡುವ ಮುಂಗಡ ನಿರ್ದೇಶನವನ್ನು, ಅಂದರೆ ಜನರು ಲಿವಿಂಗ್ ವಿಲ್ ಎನ್ನುವುದನ್ನು, ಮಾನ್ಯ ಮಾಡಿತು. ಅಂದು ವಿಧಿಸಿದ ಕ್ರಮವು ಬಹಳ ಕ್ಲಿಷ್ಟವಾಗಿದ್ದರಿಂದ 2023ರ ಜನವರಿ 24ರಂದು ಅದನ್ನು ಸಡಿಲಿಸಲಾಯಿತು. ಈಗಿನ ರೀತಿ ಹೀಗಿದೆ. ವಯಸ್ಕನಾಗಿ ಸ್ವಸ್ಥಚಿತ್ತನಾಗಿರುವವನು, ಯಾರ ಒತ್ತಾಯವೂ ಇಲ್ಲದೆ, ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ತನಗೆ ಮಾತು ನಿಂತಾಗ ತನ್ನ ಪರವಾಗಿ ಮಾತನಾಡತಕ್ಕವರ ಹೆಸರನ್ನೂ ಅದರಲ್ಲಿ ಕಾಣಿಸಬೇಕು. ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ರುಜು ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಒಂದು ಪ್ರತಿಯನ್ನು ಪಂಚಾಯಿತಿ ಅಥವಾ ಪುರಸಭೆಯ ನಿಯುಕ್ತ ಅಧಿಕಾರಿಗೆ ಒಪ್ಪಿಸತಕ್ಕದ್ದು. ಮನಸ್ಸು ಬದಲಾದರೆ ಯಾವಾಗಲಾದರೂ ಬರಹದ ಮೂಲಕ ಹಿಂತೆಗೆಯಬಹುದು.

ಕಾಗದವಿದ್ದ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಚಿಕಿತ್ಸೆ ಮಾಡುವ ವೈದ್ಯರೂ ಕನಿಷ್ಠ 5 ವರ್ಷಗಳ ಅನುಭವವಿರುವ ಇಬ್ಬರು ತಜ್ಞರೂ ಸೇರಿದ ಪ್ರಥಮ ಮಂಡಳಿಯು ಪರೀಕ್ಷಿಸಬೇಕು. ಬಳಿಕ ಜಿಲ್ಲಾ ಆರೋಗ್ಯಾಧಿಕಾರಿಯು ಹೆಸರಿಸಿದ ವೈದ್ಯರೊಬ್ಬರಿರುವ ದ್ವಿತೀಯ ಮಂಡಳಿಯು ಒಪ್ಪಬೇಕು. ಪ್ರತಿಯೊಂದು ಮಂಡಳಿಗೂ ಸುಮಾರು 48 ಗಂಟೆಗಳ ಅವಧಿ. ಅನಂತರ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯಬೇಕು. ನಿರ್ದೇಶನವನ್ನು ಬರೆಯದಿದ್ದವರ ವಿಷಯದಲ್ಲಿ ಬಂಧುಗಳ ಸಮ್ಮತಿಯ ಮೇಲೆ ಇದೇ ಕ್ರಮ ನಡೆಯುತ್ತದೆ. ಕಷ್ಟವಿರುವುದು ಅಲ್ಲಿಯೇ. ನಮ್ಮ ಉಚ್ಚಂಗಿದುರ್ಗದ ಕಡೆಯಿಂದ ದಾವಣಗೆರೆಗೆ ಒಯ್ದ ರೋಗಿಗೆ ವೆಂಟಿಲೇಟರ್ ಹಾಕಬೇಕೇ ಎಂದು ನಡುರಾತ್ರಿಯಲ್ಲಿ ಕೇಳಿದಾಗ, ಹಿರಿಯ ಮಗನು ಬೇಡವೆಂದರೆ ಕೊಂದನೆಂಬ ಅಪವಾದ, ಬೇಕೆಂದರೆ ಹೊಲವನ್ನು ಒತ್ತೆ ಇಡಬೇಕಾದ ಸಂಕಟ. ದೂರದಲ್ಲಿರುವ ತಮ್ಮನು ಫೋನಿನಲ್ಲಿ ಇನ್ನೊಂದು ಹೇಳುತ್ತಾನೆ. ಆ ತಂದೆಯು ಸ್ವಸ್ಥನಿದ್ದಾಗ ಅರ್ಧ ಹಾಳೆ ಬರೆದಿದ್ದರೆ ಅಣ್ಣತಮ್ಮಂದಿರು ವರ್ಷಾಬ್ದಿಕದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತಿದ್ದರು.

ಚಿಕಿತ್ಸೆಯನ್ನು ನಿಲ್ಲಿಸುವುದೆಂದರೆ ಸೇವೆಯನ್ನು ನಿಲ್ಲಿಸುವುದಲ್ಲ ಎಂಬುದನ್ನು ಬರೆಯುವವರೂ ಮರೆಯಬಾರದು. ನೋವು, ಉಬ್ಬಸ, ಬಾಯಿಯ ಒಣಗುವಿಕೆ ಇವುಗಳಿಗೆ ಉಪಶಮನ ಚಿಕಿತ್ಸೆಯು ಕೊನೆಯ ಉಸಿರಿನವರೆಗೂ ಸಲ್ಲತಕ್ಕದ್ದು. ಅರ್ಬುದದ ತೀವ್ರವಾದ ನೋವಿಗೆ ವೈದ್ಯರು ಅಳೆದು ಕೊಡುವ ಮಾರ್ಫೀನ್ ಔಷಧವನ್ನು ವಿಷವೆಂದು ಭ್ರಮಿಸಿ ನಿರಾಕರಿಸುವ ಮನೆಗಳಿವೆ. ಅದು ವೃಥಾ ಹಿಂಸೆ. 2014ರ ಕಾನೂನು ತಿದ್ದುಪಡಿಯ ಮೇಲೆ ಅದರ ಪೂರೈಕೆಯೂ ಸರಳವಾಗಿದೆ. ಬೆಂಗಳೂರಿನ ಕರುಣಾಶ್ರಯದಲ್ಲಿ, ಚಿಕಿತ್ಸೆಗೆ ಮೀರಿದ ಅರ್ಬುದ ರೋಗಿಗಳಿಗೆ ಶುಲ್ಕವಿಲ್ಲದೆ ಇಂಥ ಶುಶ್ರೂಷೆ ನಡೆಯುತ್ತದೆ.

ಇನ್ನೊಂದು ಪ್ರಶ್ನೆಯನ್ನು ಪುರೋಹಿತರ ಮನೆಗೆ ಬಂದು ಕೇಳುವವರಿದ್ದಾರೆ. ಧನಿಷ್ಠಾಪಂಚಕ ಕಳೆಯುವವರೆಗೆ, ಅಥವಾ ಉತ್ತರಾಯಣ ಬರುವವರೆಗೆ, ನಳಿಕೆಯನ್ನು ಇರಿಸಬಹುದೇ ಎಂದು. ಭೀಷ್ಮಾಚಾರ್ಯರು ಕಾದದ್ದು ತಮ್ಮ ವರದ ಬಲದಿಂದ, ಪೂರ್ಣ ಪ್ರಜ್ಞೆಯಿಂದ, ಧರ್ಮರಾಜನಿಗೆ ಧರ್ಮಗಳನ್ನು ಬೋಧಿಸುತ್ತ. ಪ್ರಜ್ಞೆಯಿಲ್ಲದ ಮುದುಕಿಯ ಗಂಟಲಲ್ಲಿ ನಳಿಕೆಯಿಟ್ಟು ಪಂಚಾಂಗವನ್ನು ನೋಡುವುದಕ್ಕೂ ಅದಕ್ಕೂ ಏನು ಸಾಮ್ಯ? ದಕ್ಷಿಣಾಯನದಲ್ಲಿ ದೇಹವನ್ನು ಬಿಟ್ಟ ಜ್ಞಾನಿಗೂ ಫಲಹಾನಿಯಿಲ್ಲವೆಂದು ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯವು ನಿರ್ಣಯಿಸಿದೆ. ಪಂಚಕದೋಷಕ್ಕೆ ಶಾಂತಿಯುಂಟು, ಅದನ್ನು ಆಮೇಲೆ ಮಾಡಿಸಬಹುದು.

ನಿರ್ದೇಶನವನ್ನು ಬರೆಯುವವರು ಅದರಲ್ಲಿ ಬೇಡವಾದದ್ದನ್ನಷ್ಟೇ ಅಲ್ಲ, ಬೇಕಾದದ್ದನ್ನೂ ಕಾಣಿಸಲಿ: ಸಾಧ್ಯವಾದರೆ ಮನೆಯಲ್ಲಿಯೇ ಇರಬೇಕೆಂದು, ತುಳಸೀತೀರ್ಥವನ್ನು ಬಾಯಿಗೆ ಬಿಡಬೇಕೆಂದು, ವಿಷ್ಣುಸಹಸ್ರನಾಮವನ್ನು ಯಾರು ಓದಬೇಕೆಂದು. ಸಾಕ್ಷಿಗಳು ಆಸ್ತಿಯಲ್ಲಿ ಪಾಲಿಲ್ಲದವರಾಗಿದ್ದರೆ ಉತ್ತಮ. ಮೂಲಪ್ರತಿಯನ್ನು ಬ್ಯಾಂಕಿನ ಲಾಕರಿನಲ್ಲಿಡಬಾರದು; ಆಸ್ಪತ್ರೆಗೆ ಹೊರಡುವಾಗ ಕೈಗೆ ಸಿಗುವಂತೆ ಔಷಧದ ಚೀಟಿಗಳ ಜೊತೆಯಲ್ಲಿಯೇ ಇರಲಿ.