ಫೋನಿನ ಬೀಗ, ತೋಟದ ಲೆಕ್ಕ



ತೋಟದ ಲೆಕ್ಕ ಈಗ ಕಿರ್ದಿ ಪುಸ್ತಕದಿಂದ ಮೊಬೈಲಿಗೆ ಬಂದಿದೆ. ಆಳುಗಳ ಹಾಜರಿ, ಹೂಮಳೆಯ ಅಳತೆ, ಬೋರ್ಡೋ ಹೊಡೆದ ತಾರೀಖು, ಕೊಳೆ ಬಿದ್ದ ಗೊನೆಯ ಫೋಟೋ ಎಲ್ಲವೂ ಅದರಲ್ಲೇ ಇವೆ. ಅನುಕೂಲವೇ ಸರಿ. ಆದರೆ ಫೋನು ತಡವರಿಸಿದಾಗ, ಇಲ್ಲವೆ ಪಿನ್ ಮರೆತಾಗ, ಮಲೆನಾಡಿನ ಸದಸ್ಯರು ಕೊಪ್ಪಕ್ಕೋ ಸಕಲೇಶಪುರಕ್ಕೋ ಹೋಗುತ್ತಾರೆ. ಕಣಗಲಾದ ಕಡೆಯವರು ಸಂಕೇಶ್ವರಕ್ಕೋ ನಿಪ್ಪಾಣಿಗೋ ಹೋಗುತ್ತಾರೆ. ಎಲ್ಲಿ ಹೋದರೂ ಸಿಗುವ ಉತ್ತರ ಹೆಚ್ಚಾಗಿ ಒಂದೇ: “ರೀಸೆಟ್ ಮಾಡಿದ್ರ ಸರಿ ಆಗ್ತೈತ್ರಿ.” ಫೋನು ಸರಿಯಾಗುತ್ತದೆ, ನಿಜ. ಒಳಗಿದ್ದ ಲೆಕ್ಕದ ಗತಿ ಏನು ಎಂಬುದೇ ಈ ಸಂಚಿಕೆಯ ಪಾಠ.

ಹಿಂದಿನ ಕಂಪ್ಯೂಟರುಗಳಲ್ಲಿ ಅಳಿಸಿದ ಕಡತವನ್ನು ತಜ್ಞರು ಕೆಲವೊಮ್ಮೆ ಹೊರತೆಗೆಯುತ್ತಿದ್ದರು. ಅದೇ ನಂಬಿಕೆ ಇಂದಿಗೂ ಉಳಿದಿದೆ. ಈಗಿನ ಫೋನುಗಳಲ್ಲಿ ಅದು ನಡೆಯದು. 2015ರ ಆಂಡ್ರಾಯ್ಡ್ 6ರಿಂದ ಸಾಕಷ್ಟು ಶಕ್ತಿಯುಳ್ಳ ಹೊಸ ಫೋನುಗಳಿಗೂ, 2019ರ ಆಂಡ್ರಾಯ್ಡ್ 10ರಿಂದ ಹೊಸದಾಗಿ ಬರುವ ಎಲ್ಲ ಫೋನುಗಳಿಗೂ ಗೂಢಲಿಪೀಕರಣ ಕಡ್ಡಾಯವಾಯಿತು. ಅಂದರೆ ನಾವು ಇಡುವ ಪ್ರತಿ ಅಕ್ಷರ, ಪ್ರತಿ ಚಿತ್ರ ಗೂಢಲಿಪಿಯಲ್ಲೇ ಶೇಖರವಾಗುತ್ತದೆ.

ಇದನ್ನು ಸಂಘದ ತಿಜೋರಿಗೆ ಹೋಲಿಸಬಹುದು. ಅಧ್ಯಕ್ಷರ ಕೀಲಿ, ಕಾರ್ಯದರ್ಶಿಯ ಕೀಲಿ ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುವಂತೆ, ಇಲ್ಲಿ ನಮ್ಮ ಪಿನ್ ಒಂದು ಕಡೆ, ಫೋನಿನ ಚಿಪ್ಪಿನೊಳಗಿನ ಗುಟ್ಟು ಇನ್ನೊಂದು ಕಡೆ. ರೀಸೆಟ್ ಮಾಡಿದಾಗ ಫೋನು ತನ್ನ ಕೀಲಿಯನ್ನೇ ನಾಶ ಮಾಡುತ್ತದೆ. ಚಿಪ್ಪಿನಲ್ಲಿ ಅಕ್ಷರಗಳ ಚೂರು ಉಳಿದಿದ್ದರೂ ಅದನ್ನು ಓದುವವರಿಲ್ಲ. 256 ಬಿಟ್ಟಿನ ಕೀಲಿಯಾದರೆ ಸಾಧ್ಯವಿರುವ ಕೀಲಿಗಳ ಎಣಿಕೆ 78 ಅಂಕಿಗಳ ಸಂಖ್ಯೆ. ಒಂದೊಂದಾಗಿ ಹಾಕಿ ನೋಡುವುದು ಮಾನವ ಪ್ರಯತ್ನಕ್ಕೆ ಮೀರಿದ ಕೆಲಸ. ಆದ್ದರಿಂದ ರೀಸೆಟ್ ಆದ ಮೇಲೂ “ಎಲ್ಲಾ ತೆಗೆದು ಕೊಡ್ತೀವಿ” ಎಂದು ಹಣ ಕೇಳುವವರಿಗೆ ಸದಸ್ಯರು ಮರುಳಾಗಬಾರದು.

ಮೆಮೊರಿ ಕಾರ್ಡಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕಾರ್ಡು ಹೊರಗೆ ತೆಗೆಯುವ ವಸ್ತು, ಫೋನು ಹೋದರೂ ಅದು ಉಳಿಯುತ್ತದೆ ಎಂಬುದು ಅರ್ಧ ಸತ್ಯ. ಕಾರ್ಡನ್ನು ‘ಪೋರ್ಟಬಲ್’ ಆಗಿ ಬಳಸಿ, ಗೂಢಲಿಪಿಗೆ ಒಳಪಡಿಸದಿದ್ದರೆ, ಬೇರೆ ಫೋನಿನಲ್ಲೂ ತೆರೆಯುತ್ತದೆ. ಆದರೆ ಜಾಗ ಸಾಲದೆಂದು ಅದನ್ನೇ ‘ಇಂಟರ್ನಲ್’ ಮಾಡಿಕೊಂಡಿದ್ದರೆ ಅದೂ ಗೂಢಲಿಪಿಗೆ ಹೋಗುತ್ತದೆ, ಕೀಲಿ ಮಾತ್ರ ಫೋನಿನಲ್ಲಿರುತ್ತದೆ. ಫೋನು ರೀಸೆಟ್ ಆದರೆ ಕಾರ್ಡು ಕೈಯಲ್ಲಿದ್ದೂ ಇಲ್ಲದಂತೆ.

ಹಾಗೆಂದು ಈ ಬೀಗವನ್ನು ದೂರಬೇಕಾಗಿಲ್ಲ. ಸಂತೆಯಲ್ಲಿ ಫೋನು ಕಳುವಾದರೆ ಆಧಾರ್, ಬ್ಯಾಂಕು ವಿವರಗಳನ್ನು ಕಾಯುವುದೂ ಇದೇ ಬೀಗ. ಕಳ್ಳನಿಗೆ ತೆರೆಯದ ಬಾಗಿಲು ಕೀಲಿ ಕಳೆದುಕೊಂಡ ಯಜಮಾನನಿಗೂ ತೆರೆಯದು, ಅಷ್ಟೇ.

ಈಗ ಒಂದು ವಿಂಗಡಣೆ ಮಾಡಿಕೊಳ್ಳೋಣ. ಪಹಣಿ ಹೋದರೆ ‘ಭೂಮಿ’ಯಿಂದ ಮತ್ತೆ ಪಡೆಯಬಹುದು. ಬ್ಯಾಂಕಿನ ಲೆಕ್ಕ ಬ್ಯಾಂಕಿನಲ್ಲೇ ಇದೆ. ಆದರೆ ಹತ್ತು ವರ್ಷದ ನಮ್ಮ ತೋಟದ ಮಳೆಯ ಅಂಕಿಯನ್ನು ಯಾವ ಕಚೇರಿಯೂ ಮರಳಿ ಕೊಡದು. ಆಳಿಗೆ ಕೊಟ್ಟ ಮುಂಗಡದ ಲೆಕ್ಕ ಹೋದರೆ ಉಳಿಯುವುದು ಮಾತಿಗೆ ಮಾತು. ಐರೋಪ್ಯ ಒಕ್ಕೂಟದ 2023ರ ಕಾನೂನಿನಂತೆ ಅಲ್ಲಿಗೆ ಹೋಗುವ ಕಾಫಿ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ್ದಾಗಿರಬಾರದು. ತೋಟದ ಹಳೆಯ, ತಾರೀಖುಳ್ಳ ಚಿತ್ರಗಳು ಇಂಥಲ್ಲಿ ಆಧಾರಕ್ಕೆ ಬರಬಹುದು. ಅವನ್ನು ಈಗ ಮತ್ತೆ ತೆಗೆಯಲಾಗದು. ಹೀಗೆ ಮರಳಿ ಸಿಗದವುಗಳಿಗೇ ಮೊದಲು ನಕಲು ಬೇಕು.

ಸದಸ್ಯರು ಪಾಲಿಸಬೇಕಾದ ಕ್ರಮಗಳು:

1. ಮರಳಿ ಸಿಗದ ಲೆಕ್ಕ, ಚಿತ್ರಗಳನ್ನು ತಿಂಗಳಿಗೊಮ್ಮೆ ಕಂಪ್ಯೂಟರಿಗೋ ಪೆನ್ ಡ್ರೈವಿಗೋ ಇಳಿಸಿ. ಅಮಾವಾಸ್ಯೆಗೆ ಎತ್ತು ಹೂಡದ ಪದ್ಧತಿ ಇರುವ ಮನೆಗಳಲ್ಲಿ ಆ ದಿನವನ್ನೇ ಇದಕ್ಕೆ ಗೊತ್ತುಮಾಡಿದರೆ ಮರೆಯುವುದಿಲ್ಲ.

2. ಇಳಿಸಿದ್ದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ನಕಲನ್ನು ನಂಬಬೇಡಿ.

3. ಮಳೆ ಮತ್ತು ಹಾಜರಿಯ ಒಟ್ಟು ಮೊತ್ತವನ್ನಾದರೂ ಪುಸ್ತಕದಲ್ಲಿ ಬರೆದಿಡಿ.

4. ವಾಟ್ಸಾಪಿನ ಬ್ಯಾಕಪ್ಪಿಗೆ 2021ರಿಂದ ಬೇಕಾದವರು ಗೂಢಲಿಪಿಯ ಬೀಗ ಹಾಕಿಕೊಳ್ಳಬಹುದು. ಅದಕ್ಕೆ ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರಗಳ ಕೀಲಿ ಆರಿಸಿಕೊಂಡವರು ಅದನ್ನು ಕಳೆದರೆ ಕಂಪನಿಯೂ ತೆರೆದು ಕೊಡಲಾರದು.

5. ಪಿನ್, ಗೂಗಲ್ ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆ ಇಡಿ. ಪಿನ್ ಮರೆತು ರೀಸೆಟ್ ಮಾಡಿದ ಫೋನು ಹಳೆಯ ಖಾತೆಯನ್ನೇ ಕೇಳುತ್ತದೆ. ಅದೂ ಗೊತ್ತಿಲ್ಲದಿದ್ದರೆ ಲೆಕ್ಕದ ಜೊತೆ ಫೋನೂ ಕೈಬಿಟ್ಟಂತೆ.

6. ಅಂಗಡಿಗೆ ಕೊಡುವ ಮುನ್ನ ಕಾರ್ಡು ಯಾವ ಬಗೆಯದೆಂದು ನೋಡಿ. ಪೋರ್ಟಬಲ್ ಆದರೆ ತೆಗೆದಿಟ್ಟುಕೊಳ್ಳಿ. ಇಂಟರ್ನಲ್ ಆದರೆ, ಅಥವಾ ಗೂಢಲಿಪಿ ಮಾಡಿದ್ದರೆ, ಮೊದಲು ನಕಲು ತೆಗೆಯಿರಿ. ಅಲ್ಲಿಯತನಕ ಯಾರೇ ಹೇಳಿದರೂ ರೀಸೆಟ್ ಮಾಡಗೊಡಬೇಡಿ.

ಕೊಳೆರೋಗಕ್ಕೆ ಮದ್ದು ಮಳೆ ಹಿಡಿಯುವ ಮೊದಲೇ ಹೊಡೆಯಬೇಕೆಂಬುದು ನಮಗೆಲ್ಲ ತಿಳಿದ ಸಂಗತಿ. ಇದಕ್ಕೂ ಮದ್ದು ಮೊದಲೇ ಉಂಟು, ಆಮೇಲೆ ಇಲ್ಲ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರನ್ನು ಕೂರಿಸಿಕೊಂಡು ಈ ವಾರವೇ ಮೊದಲ ನಕಲು ತೆಗೆದಿಡಬೇಕೆಂದು ವಿನಂತಿ.